ನೀರು ಕುಡಿದ ಮೂರನೇ ಗುಂಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ನಾನು ಲಂಗ ಹಾಕುತ್ತಿದ್ದ ಕಾಲದಿಂದಲೂ ಬೈಯುತ್ತಿದ್ದಳು. ಸುಳ್ಳೇನಲ್ಲ. ಆ ಸಿಟ್ಟಿನಿಂದ ನನ್ನ ಎಷ್ಟೋ ಕೆಲಸ ಆಗಿದೆ. ಕೆಂಗೇರಿಯ ನಮ್ಮ ಮನೆಗೆ ಕಕ್ಕಸು ಬಂದದ್ದೂ ಅದರಿಂದಲೇ. ಆದರೆ ಆ ಕಕ್ಕಸಿಗಾಗಿ ಮಣ್ಣು ಪರೀಕ್ಷೆ ಮಾಡಲು ಬಂದ ನಮ್ಮಪ್ಪನ ಜೀವಕ್ಕೆ ಅದೇ ಸಿಟ್ಟು ಮುಳುವಾಗುವುದರಲ್ಲಿತ್ತು. ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರದ ಬಾಡಿಗೆ ಮನೆಯಲ್ಲಿ. ಎರಡೇ ಕೋಣೆಯಾದರೂ ಹಿತ್ತಲಲ್ಲಿ ಬಾಗಿಲು, ಚಿಲಕ ಎರಡೂ ಇದ್ದ ಕಕ್ಕಸು ಇತ್ತು. ಮದುವೆಯಾಗಿ ಬಂದದ್ದು ಕೆಂಗೇರಿಯ ಹಳೇ ಊರಿಗೆ. ಹೆಂಚಿನ ಮನೆ, ಹಿಂದಿನ ಅಂಗಳದಲ್ಲಿ ಸಿಹಿನೀರಿನ ಬಾವಿ, ಎರಡು ಹಸು, ಅದರಾಚೆ ಉದ್ದದ ಹಿತ್ತಲು. ಇಲ್ಲದ್ದು ಅದೊಂದೇ. ಮನೆಯಲ್ಲಿ ನಾವು ನಾಲ್ಕು ಜನ: ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುತ್ತಿದ್ದ ನನ್ನ ಗಂಡ, ಹೊಲ ನೋಡಿಕೊಳ್ಳುತ್ತಿದ್ದ ಮಾವ, ಮಾವನ ತಾಯಿ ಅಂದರೆ ಅಜ್ಜಿ, ಮತ್ತು ನಾನು. ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು.

ಬೆಳಕು ಹರಿಯುವ ಮುಂಚೆ ಚೊಂಬು ಹಿಡಿದು ನಾನೂ ಅಜ್ಜಿಯೂ ಊರಾಚೆಯ ಪೊದೆಗಳ ಕಡೆ ಹೋಗಿ ಬರಬೇಕು. ಆಮೇಲೆ ಇಡೀ ಹಗಲು ತಡೆದುಕೊಂಡು ಕೂರಬೇಕು. ಮೊದಲ ವರ್ಷ ಹೇಗೋ ಕಳೆಯಿತು. ಎರಡನೇ ವರ್ಷ ಆ ಬಯಲನ್ನು ಯಾರೋ ಸೈಟು ಮಾಡಿದರು. ಪೊದೆ ಕಡಿದರು, ಕಲ್ಲು ನೆಟ್ಟರು. ಮೈಸೂರು ರಸ್ತೆಯಲ್ಲಿ ತಿರುಗುವ ಲಾರಿಯ ಬೆಳಕು ಬಯಲಿನ ಮೇಲೆ ಹಾದಾಗಲೆಲ್ಲ ಹೆಂಗಸರೆಲ್ಲ ದಡಕ್ಕನೆ ಎದ್ದು ನಿಲ್ಲುತ್ತಿದ್ದೆವು. ಥೂ, ಅದೂ ಒಂದು ಬಾಳೇ! ನನಗೆ ಏಳು ತಿಂಗಳಾಗಿದ್ದಾಗ ಹಾಗೆ ಎದ್ದವಳು ಸೈಟಿನ ಕಲ್ಲಿಗೆ ಎಡವಿ ಮಂಡಿಯೂರಿ ಬಿದ್ದೆ. ಪುಣ್ಯ, ಹೊಟ್ಟೆಗೆ ಏನೂ ಆಗಲಿಲ್ಲ. ಮನೆಗೆ ಬಂದವಳೇ ಚೊಂಬನ್ನು ನಡುಮನೆಯಲ್ಲಿ ಕುಕ್ಕಿದೆ.

"ಹೆರಿಗೆಗೆ ತೌರಿಗೆ ಹೋಗ್ತೀನಲ್ಲ, ಅಷ್ಟರೊಳಗೆ ಕಕ್ಕಸು ಕಟ್ಟಿಸಿದ್ರೆ ಮಗೂನ ಎತ್ಕೊಂಡು ಬರ್ತೀನಿ. ಇಲ್ಲಾಂದ್ರೆ ನೀವೇ ರಾಜಾಜಿನಗರಕ್ಕೆ ಬಂದು ಮೊಮ್ಮಗೂನ ನೋಡ್ಕೊಂಡು ಹೋಗಿ."

ಮಾವ ಸಾಧು ಮನುಷ್ಯ. "ಕಟ್ಟಿಸಾಣ ಕಣಮ್ಮ, ನಾನೇನ್ ಬ್ಯಾಡ ಅಂದ್ನಾ? ಬಾವಿ ನೀರು ಕೆಟ್ಟೋದ್ರೆ ಏನ್ ಮಾಡಾದು ಅಂತ ಅಷ್ಟೆ," ಎಂದರು.

ಅವರ ಭಯವೂ ಸರಿಯೇ. ಒಳಚರಂಡಿ ನಮ್ಮ ಕಡೆಗೆ ಬಂದಿರಲಿಲ್ಲ. ಕಕ್ಕಸೆಂದರೆ ಸೆಪ್ಟಿಕ್ ಟ್ಯಾಂಕು, ಅದರಿಂದ ಹೊರಗೆ ಬರುವ ನೀರಿಗೆ ಒಂದು ಇಂಗುಗುಂಡಿ. ಆ ನೀರು ಇಂಗಿ ಎಲ್ಲಿಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ. ನಮ್ಮ ಬಾವಿಯ ನೀರನ್ನು ಬೀದಿಯ ಅರ್ಧ ಜನ ಕುಡಿಯುತ್ತಿದ್ದರು. ಹಾಗಾಗಿ ನಾನು ನಮ್ಮಪ್ಪನಿಗೆ ಹೇಳಿ ಕಳಿಸಿದೆ.

ಅಪ್ಪ ಚರಂಡಿ ಕಾಮಗಾರಿಗಳಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಅವರಿಗೆ ಊರು, ಬೀದಿ, ಜನ ಯಾವುದೂ ನೆನಪಿರುವುದಿಲ್ಲ, ಎಲ್ಲಿ ಎಂಥ ಮಣ್ಣು ಅನ್ನುವುದು ಮಾತ್ರ ನೆನಪಿರುತ್ತದೆ. ಯಾರಾದರೂ ಗೋವಿಂದರಾಜನಗರದಲ್ಲಿ ಮನೆ ಮಾಡಿದ್ದೇವೆ ಎಂದರೆ, "ಓ, ಮೂರಡಿಗೇ ಗೊರಚು ಮಣ್ಣು ಸಿಗುತ್ತಲ್ಲ, ಅಲ್ಲಾ?" ಎಂದು ಕೇಳುವರು. ಒಂದು ಶನಿವಾರ ಮಧ್ಯಾಹ್ನ ಮಡಚುವ ಮರದ ಅಡಿಕೋಲು, ಒಂದು ಹಳೇ ಚೂರಿ, ಕೈಚೀಲದಲ್ಲಿ ಅಮ್ಮ ಕೊಟ್ಟ ಕೋಡುಬಳೆ ಇಟ್ಟುಕೊಂಡು ಬಸ್ಸಿಳಿದರು.

ಅವರ ಪರೀಕ್ಷೆ ನೋಡಲು ಸುಲಭ, ಮಾಡಲು ತಾಳ್ಮೆ ಬೇಕು. ಒಂದಡಿ ಅಗಲ, ಮೂರಡಿ ಆಳದ ಗುಂಡಿ ತೋಡುವುದು. ಗುದ್ದಲಿ ಸವರಿದ ಕಡೆ ಮಣ್ಣಿನ ಬಾಯಿ ಮುಚ್ಚಿಹೋಗಿರುತ್ತದೆಂದು ಪಕ್ಕಗಳನ್ನೆಲ್ಲ ಚೂರಿಯಿಂದ ಕೆರೆಯುವುದು. ತಳಕ್ಕೆ ಎರಡಿಂಚು ಜಲ್ಲಿ. ಸಂಜೆ ನೀರು ತುಂಬಿಸಿ ರಾತ್ರಿಯೆಲ್ಲ ನೆನೆಯಲು ಬಿಡುವುದು. ಬೆಳಿಗ್ಗೆ ಮತ್ತೆ ನೀರು ಹಾಕಿ, ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತೆಂದು ಅಡಿಕೋಲಿನಲ್ಲಿ ಅಳೆಯುವುದು.

"ಮಣ್ಣು ನೀರು ಕುಡೀಬೇಕು ಬೀಗ್ರೇ," ಎಂದು ಅಪ್ಪ ಮಾವನಿಗೆ ವಿವರಿಸಿದರು. "ಆದ್ರೆ ಗಟಗಟ ಅಂತ ಕುಡೀಬಾರ್ದು. ನಿಧಾನಕ್ಕೆ ಕುಡಿಯೋ ಮಣ್ಣು ಸೋಸುತ್ತೆ. ಗಟಗಟ ಕುಡಿಯೋದು ಸೋಸೋದಿಲ್ಲ, ಹೊಲಸನ್ನ ಹಂಗೇ ತಗೊಂಡೋಗಿ ಬಾವಿಗೆ ಬಿಡುತ್ತೆ."

ಆ ವಾರ ತೋಡಿದ ಎರಡು ಗುಂಡಿಗಳೂ ಕೈಕೊಟ್ಟವು. ಬಚ್ಚಲ ಹಿಂದಿನದರಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನೀರು ಒಂದು ನೂಲೂ ಇಳಿಯಲಿಲ್ಲ, ಕೊಳದಪ್ಪಲೆಯಲ್ಲಿ ತುಂಬಿಟ್ಟಂತೆ ಹಾಗೇ ಇತ್ತು. ಕೊಟ್ಟಿಗೆಯ ಪಕ್ಕದ್ದರಲ್ಲೂ ಅಷ್ಟೇ, ಮೇಲಾಗಿ ಅದು ಬಾವಿಗೆ ತೀರಾ ಹತ್ತಿರ. ಅಪ್ಪ ಜಗಲಿಗೆ ಬಂದು ಕೂತು ಕೈ ಝಾಡಿಸಿ, "ಇನ್ನೆಲ್ಲಿ ಜಾಗ ಇದೆ?" ಎಂದರು. ಮಾವ ತಲೆ ಕೆರೆದುಕೊಂಡರು. ನಾನೇ ಹಿತ್ತಲಿನ ತುದಿಯ ನುಗ್ಗೆಮರದ ಮೂಲೆಯತ್ತ ಕೈ ತೋರಿಸಿದೆ. ಬಾವಿಗೆ ಅರವತ್ತು ಅಡಿಗೂ ದೂರ, ಒಳ್ಳೆಯ ಜಾಗ. ಅದನ್ನು ಬಿಟ್ಟು ಈ ಜನ ಬೇರೆ ಎಲ್ಲ ಕಡೆ ಅಗೆಸಿದ್ದೇಕೆ ಎಂದು ನನಗೆ ಆಗಲೇ ಮೈ ಉರಿದಿತ್ತು.

"ಅಲ್ಲಿ ಬ್ಯಾಡ," ಎಂದರು ಅಜ್ಜಿ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದವರು ತಲೆ ಕೂಡ ಎತ್ತಲಿಲ್ಲ.

"ಯಾಕಜ್ಜಿ?"

ಅಜ್ಜಿ ಇನ್ನೊಂದು ಕಾಯಿ ಸುಲಿದರು. ಮಾವನೇ ದನಿ ತಗ್ಗಿಸಿ, "ನಮ್ಮಪ್ಪಂಗೆ ಹಾವು ಕಚ್ಚಿದ್ದು ಅಲ್ಲೇ ಅಂತೆ ಕಣಮ್ಮ. ನಾನಿನ್ನೂ ಅವ್ವನ ಹೊಟ್ಟೇಲಿದ್ದೆ," ಎಂದರು.

ಆ ಮೂಲೆಯ ವಿಷಯ ನನಗೂ ಸ್ವಲ್ಪ ಗೊತ್ತಿತ್ತು. ದಿನಾ ಮುಸ್ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅಜ್ಜಿ ಇನ್ನೊಂದು ಪುಟ್ಟ ಹಣತೆ ಹಚ್ಚಿ, ಅಂಗೈ ಮರೆ ಮಾಡಿಕೊಂಡು ನುಗ್ಗೆಮರದ ಬುಡಕ್ಕೆ ಹೋಗುವರು. ಬಗ್ಗಿ ಹಣತೆಯನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ದೀಪದ ಕುಡಿಯನ್ನೇ ನೋಡುವರು. ಮತ್ತೆ ಎತ್ತಿಕೊಂಡು ವಾಪಸು ಬರುವರು. ಅಲ್ಲಿ ದೀಪ ಇಟ್ಟು ಬರುತ್ತಿರಲಿಲ್ಲ. ಅರಿಶಿನವಿಲ್ಲ, ಕುಂಕುಮವಿಲ್ಲ, ಒಂದು ಹೂವಿಲ್ಲ. "ಯಾವ ದೇವರಿಗಜ್ಜಿ?" ಎಂದು ಹೊಸತರಲ್ಲಿ ಕೇಳಿದ್ದೆ. "ದೇವ್ರಿಗಲ್ಲ ಕಣ್ ಮಗಾ," ಎಂದಷ್ಟೇ ಹೇಳಿದ್ದರು. ಇನ್ನೊಂದು ವಿಷಯ. ಆ ಮೂಲೆಯಲ್ಲಿ ನಡೆದರೆ ಹೆಜ್ಜೆಯ ಸದ್ದೇ ಬೇರೆ ಥರ ಕೇಳುತ್ತಿತ್ತು. ಬಸುರಿ, ಮೈ ಭಾರ ಅಂದುಕೊಂಡು ಸುಮ್ಮನಿದ್ದೆ.

ಮುಂದಿನ ಶನಿವಾರ ಅಪ್ಪ ಮತ್ತೆ ಬಂದರು. ನಾನು ಹಟ ಹಿಡಿದಿದ್ದೆ. ಯಾವಾಗಲೋ ಕಚ್ಚಿದ ಹಾವು ಈಗಲೂ ಅಲ್ಲೇ ಕೂತಿರುತ್ತದೆಯೇ, ಹೊಟ್ಟೆಯಲ್ಲಿರುವ ಮಗು ಮುಖ್ಯವೋ ಹಾವು ಮುಖ್ಯವೋ ಎಂದು ಮಾವನ ಬಾಯಿ ಮುಚ್ಚಿಸಿದೆ. ಅಪ್ಪ ನೆಲಕ್ಕೊಮ್ಮೆ ಕೈಮುಗಿದು ಗುದ್ದಲಿ ಎತ್ತಿದರು. ಅಜ್ಜಿ ಎದ್ದು ಒಳಗೆ ಹೋದರು.

ಮಣ್ಣು ಸಡಿಲವಾಗಿತ್ತು. ಎರಡಡಿ, ಮೂರಡಿ, ಸಲೀಸಾಗಿ ಬಂತು. "ಇದು ಹುಟ್ಟು ಮಣ್ಣಲ್ಲ, ಯಾರೋ ತುಂಬಿರೋದು," ಎಂದು ಅಪ್ಪ ಒಂದು ಹಿಡಿ ಮೂಸಿ ನೋಡಿದರು. ಸಂಜೆ ನಾಲ್ಕು ಬಿಂದಿಗೆ ನೀರು ಹೊಯ್ದೆವು. ಗುಂಡಿ ತುಂಬಲಿಲ್ಲ. ಇನ್ನೆರಡು ಹೊಯ್ದೆವು. ನೀರು ಒಂದು ಸುತ್ತು ತಿರುಗಿ ಒಂದೇ ಮೂಲೆಗೆ ಎಳೆದುಕೊಂಡಂತೆ ಇಳಿದುಹೋಯಿತು. ತಳದ ಜಲ್ಲಿ ಕಾಣಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಮ್ಮ ಕಾಲ ಕೆಳಗೆ, ಎಲ್ಲೋ ಬಹಳ ಕೆಳಗೆ, ಯಾರೋ ಖಾಲಿ ಕೋಣೆಯಲ್ಲಿ ನೀರು ಚೆಲ್ಲಿದ ಸದ್ದು ಬಂತು. ಅದರ ಹಿಂದೆಯೇ ಗುಂಡಿಯಿಂದ ಒಂದು ತಣ್ಣನೆಯ ಗಾಳಿ ಮೇಲಕ್ಕೆ ಬಂದು ನನ್ನ ಪಾದಕ್ಕೆ ತಾಗಿತು. ಹುಳಿಬಂದ ಅಂಬಲಿಯಂಥ ವಾಸನೆ. ಹೊಟ್ಟೆಯಲ್ಲಿ ಮಗು ಒದೆಯಿತು.

"ಇಷ್ಟು ಕುಡಿಯೋದು ಮಣ್ಣಲ್ಲ," ಎಂದರು ಅಪ್ಪ. "ಕೆಳಗೆ ಏನೋ ಪೊಳ್ಳು ಐತೆ. ನಾಳೆ ಬಿಡಿಸಿ ನೋಡೋಣ."

ಮುಸ್ಸಂಜೆ ಅಜ್ಜಿ ಎಂದಿನಂತೆ ಹಣತೆ ಹಿಡಿದು ಬಂದರು. ನಾನು ಹಸುವಿಗೆ ಹುಲ್ಲು ಹಾಕುತ್ತಾ ನೋಡುತ್ತಿದ್ದೆ. ಗಾಳಿ ಒಂದಿಷ್ಟೂ ಇರಲಿಲ್ಲ, ನುಗ್ಗೆಯ ಎಲೆ ಅಲುಗುತ್ತಿರಲಿಲ್ಲ. ಅಜ್ಜಿ ಬಗ್ಗಿ ಹಣತೆಯನ್ನು ಗುಂಡಿಯ ಬಾಯಿಗೆ ಇಳಿಸಿದರು. ಯಾರೋ ಬೆರಳಲ್ಲಿ ಹೊಸಕಿದಂತೆ ದೀಪ ಆರಿತು. ಅಜ್ಜಿ ಆ ಆರಿದ ಹಣತೆ ಹಿಡಿದುಕೊಂಡು ಬಹಳ ಹೊತ್ತು ನಿಂತೇ ಇದ್ದರು.

ಊಟಕ್ಕೆ ಮೊದಲು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು. "ನಿಮ್ಮಪ್ಪನ್ನ ಬೆಳಿಗ್ಗೆ ಫಸ್ಟ್ ಬಸ್ಸಿಗೆ ಕಳಿಸ್ಬುಡು ಮಗಾ."

ನನಗೆ ಎಲ್ಲಿತ್ತೋ ಕೋಪ. ನಮ್ಮಪ್ಪ ಇವರ ಮನೆಯ ಕೆಲಸಕ್ಕೆ ಕೂಲಿ ಕೇಳದ ಆಳಿನಂತೆ ಬಂದು ಅಗೆಯುತ್ತಿದ್ದಾರೆ, ಎರಡು ಹೊತ್ತಿನ ಮುದ್ದೆ ಇವರಿಗೆ ಭಾರವಾಯಿತೇ? "ನಮ್ಮಪ್ಪ ಇಲ್ಲಿ ಬಿಟ್ಟಿ ಊಟಕ್ಕೆ ಬಂದಿಲ್ಲ ಅಜ್ಜಿ," ಎಂದುಬಿಟ್ಟೆ. ಅಜ್ಜಿ ನನ್ನ ಮುಖ ನೋಡಿದರು. ಕೈ ಬಿಟ್ಟು, ಊಟವನ್ನೂ ಮಾಡದೆ ಹೋಗಿ ಮಲಗಿದರು.

ಭಾನುವಾರ ಬಿಸಿಲು ಚೆನ್ನಾಗಿತ್ತು. ನನ್ನ ಗಂಡ ಬೆಳಗಿನ ಶಿಫ್ಟಿಗೆ ಹೋಗಿದ್ದರು. ಅಪ್ಪ, ಮಾವ ಸೇರಿ ಗುಂಡಿಯನ್ನು ಅಗಲ ಮಾಡಿದರು. ನಾಲ್ಕಡಿಗೆ ಹಾರೆ ಠಣ್ ಎಂದಿತು. ಮಣ್ಣು ಸರಿಸಿದರೆ ದುಂಡಗೆ ಕಡೆದ ಚಪ್ಪಡಿ, ಒಂದು ಅಂಚು ಮುರಿದಿತ್ತು. ನಿನ್ನೆಯ ನೀರು ಆ ಸಂದಿಯಿಂದಲೇ ಇಳಿದಿತ್ತು. ಇಬ್ಬರೂ ಹಾರೆ ಮೀಟಿ ಚಪ್ಪಡಿ ಉರುಳಿಸಿದರು. ಕೆಳಗೆ ಒಬ್ಬ ಮನುಷ್ಯ ಹೆಗಲು ಕುಗ್ಗಿಸಿಕೊಂಡು ಇಳಿಯುವಷ್ಟು ಕಪ್ಪು ಬಾಯಿ. ಅಪ್ಪ "ಓಯ್" ಎಂದು ಕೂಗಿದರು. ಬಾವಿಯಲ್ಲಿ ಕೂಗಿದರೆ ದನಿ ತಿರುಗಿ ಬರುತ್ತದೆ. ಇಲ್ಲಿ ಬರಲಿಲ್ಲ. ಅದೂ ಒಳಗೇ ಉಳಿದುಕೊಂಡಿತು.

"ಹಳೇ ಬಾವಿನೋ, ಮೋರಿನೋ ಗೊತ್ತಾಗ್ತಿಲ್ಲ," ಎಂದರು ಅಪ್ಪ. "ಪಕ್ಕಕ್ಕೆ ದಾರಿ ಇದ್ದು ನಮ್ಮ ಬಾವಿಗೆ ಸೇರಿದ್ರೆ ಕಕ್ಕಸಿನ ಆಸೆ ಬಿಡಬೇಕು. ತಳ ಗಟ್ಟಿ ಇದ್ರೆ ತುಂಬಿಸಿ ಏನಾದ್ರೂ ಮಾಡಬಹುದು. ಇಳಿದು ನೋಡ್ದೆ ಹೇಳೋಕಾಗಲ್ಲ."

ಮಾವ ಹಿಂದೆ ಸರಿದರು. "ಯಾಕೋ ಬ್ಯಾಡ ಅನ್ಸುತ್ತೆ ಬೀಗ್ರೇ."

ಕಕ್ಕಸಿನ ಆಸೆ ಬಿಡಬೇಕು ಅನ್ನುವ ಮಾತೇ ನನ್ನ ಕಿವಿಯಲ್ಲಿ ಕೂತಿತ್ತು. ಮತ್ತೆ ಆ ಬಯಲು, ಆ ಲಾರಿಯ ಬೆಳಕು, ಇನ್ನು ಮೇಲೆ ಕಂಕುಳಲ್ಲಿ ಕೂಸು ಬೇರೆ. "ಬೇಗ ಇಳಿದು ನೋಡಪ್ಪಾ, ಸುಮ್ನೆ ಹೊತ್ತು ಕಳೀಬೇಡ. ಮಧ್ಯಾಹ್ನದೊಳಗೆ ಇತ್ಯರ್ಥ ಆಗ್ಲಿ," ಎಂದೆ. ನಾನೇ ಹಾಗಂದೆ. ಅಪ್ಪ ನನ್ನ ಮಾತಿಗೆ ಯಾವತ್ತೂ ಇಲ್ಲ ಅಂದವರಲ್ಲ. ಬಾವಿ ಹಗ್ಗವನ್ನು ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಆ ಬಾಯಿಯ ಅಂಚಿನಲ್ಲಿ ಕೂತು ಎರಡೂ ಕಾಲು ಒಳಕ್ಕೆ ಬಿಟ್ಟರು. ಮಂಡಿಯವರೆಗೆ ಅವರ ಕಾಲು ಕಾಣಿಸುತ್ತಿರಲಿಲ್ಲ.

"ಇಳೀಬ್ಯಾಡಿ!"

ಅಂಥ ದನಿ ಅಜ್ಜಿಯ ಎದೆಯಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಬೀಗರ ಎದುರು ಸೆರಗು ಮುಚ್ಚದೆ ನಿಲ್ಲದ ಹೆಂಗಸು, ಬರೀ ತಲೆಯಲ್ಲಿ ಓಡಿಬಂದರು. ಒಂದು ಕೈಯಲ್ಲಿ ಹಸು ಕಟ್ಟುವ ಹಗ್ಗ, ಇನ್ನೊಂದರಲ್ಲಿ ಚೊಂಬು. ಚೊಂಬಿನೊಳಗೆ ಆ ಹಾಡುಹಗಲಲ್ಲಿ ಉರಿಯುವ ಹಣತೆ. ಅಪ್ಪನ ಹೆಗಲನ್ನು ತಳ್ಳಿ, ಚೊಂಬಿನ ಕುತ್ತಿಗೆಗೆ ಹಗ್ಗ ಬಿಗಿದು, ಮೆಲ್ಲಗೆ ಒಳಗೆ ಬಿಟ್ಟರು.

ನಾವೆಲ್ಲ ಬಗ್ಗಿ ನೋಡಿದೆವು. ದೀಪದ ಬೆಳಕಿಗೆ ಗೋಡೆ ಕಾಣಿಸಿತು. ಮೇಲೆ ಕಿರಿದು, ಕೆಳಗೆ ಹೋದಂತೆ ಗುಡಾಣದ ಹೊಟ್ಟೆಯಂತೆ ಅಗಲ. ಯಾರದೋ ಕೈ ನುಣ್ಣಗೆ ಸಾರಿಸಿದ್ದ ಗೋಡೆ, ಬೆರಳಿನ ಗುರುತುಗಳು ಇನ್ನೂ ಹಾಗೇ ಇದ್ದವು. ಒಂದಾಳುದ್ದ ಇಳಿಯುವಷ್ಟರಲ್ಲಿ ಕುಡಿ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಅಜ್ಜಿ ಮೇಲಕ್ಕೆಳೆದು, ಮತ್ತೆ ಹಚ್ಚಿ, ಮತ್ತೆ ಬಿಟ್ಟರು. ಅದೇ ಜಾಗದಲ್ಲಿ ಆರಿತು. ಮೂರನೇ ಸಲವೂ ಅಲ್ಲೇ. ಅಷ್ಟು ಹೊತ್ತಿಗೆ ಅಪ್ಪ ಕಾಲೆಳೆದುಕೊಂಡು ಮಣ್ಣಿನ ಮೇಲೆ ಕೂತಿದ್ದರು. ಹಣೆಯ ಮೇಲೆ ಬೆವರು ಸಾಲಾಗಿ ಇಳಿಯುತ್ತಿತ್ತು. ಮುಚ್ಚಿದ ಮೋರಿಯ ಗಾಳಿ ಎಂಥದೆಂದು ಬಲ್ಲ ಮೇಸ್ತ್ರಿ, ನನ್ನ ಅವಸರಕ್ಕೆ ಅದನ್ನೇ ಮರೆತಿದ್ದರು.

"ಹಗೇವು," ಎಂದರು ಅಜ್ಜಿ.

ಹಗೇವು ಅಂದರೆ ರಾಗಿ ತುಂಬಿಡಲು ಹಿಂದಿನವರು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಮುಚ್ಚಿಟ್ಟರೆ ಒಳಗಿನ ಗಾಳಿ ವಿಷವಾಗುತ್ತದೆ. ತೆರೆದ ಮೇಲೆ ಅರ್ಧ ದಿನ ಬಿಟ್ಟು, ದೀಪ ಇಳಿಸಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ನಮ್ಮ ಕಡೆಯ ಹಳಬರಿಗೆಲ್ಲ ಗೊತ್ತಿದ್ದ ವಿಷಯ. ಆದರೆ ನಮ್ಮ ಹಿತ್ತಲಲ್ಲೇ ಒಂದು ಹಗೇವು ಇದೆಯೆಂದು ಅಲ್ಲೇ ಹುಟ್ಟಿ ಬೆಳೆದ ಮಾವನಿಗೇ ತಿಳಿದಿರಲಿಲ್ಲ.

"ಯಾವತ್ತೂ ಯೋಳ್ಲೇ ಇಲ್ವಲ್ಲವ್ವಾ," ಎಂದರು ಮಾವ.

ಅಜ್ಜಿ ಆರಿದ ಹಣತೆಯನ್ನು ಮಡಿಲಲ್ಲಿಟ್ಟುಕೊಂಡು ಮರಕ್ಕೆ ಒರಗಿದರು. ಮಗನ ಮುಖ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಹೇಳಿದರು.

"ಯುದ್ಧದ ಕಾಲ ಕಣ್ ಮಗಾ. ಸರ್ಕಾರದೋರು ಲೆವಿ ಅಂತ ಮನೆ ಮನೆ ಹುಡುಕಿ ರಾಗಿ ಅಳ್ಕೊಂಡೋಗೋರು. ನಮ್ಮೋರು ಹಿತ್ಲಲ್ಲಿ ಗುಟ್ಟಾಗಿ ಇದನ್ನ ತೋಡಿ, ರಾಗಿ ತುಂಬಿ ಮುಚ್ಚಿದ್ರು. ನಂಗೂ ಆಗ ಏಳು ತಿಂಗಳು, ನಿಂಗೆ ಈಗ ಐತಲ್ಲ, ಹಂಗೇ. ಎರಡ್ ದಿನದಿಂದ ಹೊಟ್ಟೆಗಿಲ್ಲ. ಹಗೇವಿನ ಬಾಯಿ ಅರ್ಧ ದಿನ ತೆಗೆದಿಟ್ರೆ ಯಾರಾದ್ರೂ ಕಾಣ್ತಾರೆ. ಅವ್ರು ದೀಪ ಹಚ್ಕೊಂಡು ಬಾ, ಇಳಿಸಿ ನೋಡಾಣ ಅಂದ್ರು. ನಂಗೆ ಹಸಿವು, ಸಿಟ್ಟು. ದೀಪ ಗೀಪ ಏನೂ ಬ್ಯಾಡ, ಬೇಗ ಇಳೀರಿ ಅಂದೆ. ನಾನೇ ಅಂದೆ."

ಮಾವನ ಕೈಯಲ್ಲಿದ್ದ ಹಾರೆ ಕೆಳಗೆ ಬಿತ್ತು.

"ಇಳಿದ್ರು. ಒಂದು ಮಾತಾಡ್ಲಿಲ್ಲ, ಕೂಗ್ಲಿಲ್ಲ. ನನ್ ಮೈದ್ನ ಕೊಕ್ಕೆ ಹಾಕಿ ಮೇಲಕ್ಕೆ ಎಳೆದ. ಹಗೇವು ಅಂದ್ರೆ ಸರ್ಕಾರದೋರು ಬತ್ತಾರೆ, ಮನೆ ಗಂಡಸ್ರನ್ನೆಲ್ಲ ಹಿಡ್ಕೊಂಡೋಯ್ತಾರೆ. ಅದ್ಕೆ ಹಾವು ಕಚ್ತು ಅಂದ್ವಿ. ಜನ ನಂಬ್ಬೇಕಲ್ಲ? ಜಾಲಿ ಮುಳ್ಳು ತಗೊಂಡು ಅವ್ರ ಕಾಲಿಗೆ ಎರಡು ತೂತು ಮಾಡ್ದೆ. ಇದೇ ಕೈ."

ಆ ಕೈಯನ್ನು ಚಾಚಿ ತೋರಿಸಿದರು. ಸಣ್ಣ, ಗಂಟುಬಿದ್ದ ಬೆರಳುಗಳು. ಆ ಬೆರಳಲ್ಲೇ ದಿನಾ ನನಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದರು.

"ಮತ್ತೆ ರಾಗಿ?" ಎಂದು ಅಪ್ಪ ಮೆಲ್ಲಗೆ ಕೇಳಿದರು.

"ಒಳಗೇ ಐತೆ. ಆ ರಾಗಿ ಬಾಯಿಗಿಡಕ್ಕಾಯ್ತದಾ ಬೀಗ್ರೇ?"

ನಾನು ಅಳಬೇಕೆಂದುಕೊಂಡೆ, ಅಳು ಬರಲಿಲ್ಲ. ಬೇಗ ಇಳಿ ಅನ್ನುವ ಆ ಮಾತು ಅಷ್ಟು ವರ್ಷ ಆ ಬಾಯಿಯ ಅಂಚಿನಲ್ಲಿ ಕಾದುಕೂತಿದ್ದು, ಇವತ್ತು ನನ್ನ ಬಾಯಿಂದ ಹೊರಗೆ ಬಂದಿತ್ತು ಅನ್ನಿಸಿತು. ಅಪ್ಪನ ಪಕ್ಕದಲ್ಲಿ ಕೂತು ಅವರ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಆಮೇಲೆ ಅಳು ಬಂತು, ಹೇಗೆಂದರೆ ಹಾಗೆ.

ಮಾವ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೇ ದಿನ ಎದ್ದು ಎತ್ತಿನ ಗಾಡಿ ಹೇಳಿಬಂದರು. ಗಾಡಿಗಟ್ಟಲೆ ಮಣ್ಣು ಬಂತು. ಮೊದಲ ಬಾಂಡ್ಲಿ ಮಣ್ಣನ್ನು ತಾನೇ ಹಾಕುತ್ತೇನೆಂದರು ಅಜ್ಜಿ. ಹಾಕಿದರು. ಮಾವ ಅವ್ವನ ಕೈಯಿಂದ ಬಾಂಡ್ಲಿ ತೆಗೆದುಕೊಂಡು, "ಒಳಗ್ ನಡಿಯವ್ವ, ಬಿಸ್ಲು," ಎಂದರು. ಆ ದಿನದ ನಂತರ ಅವರು ಅವ್ವನೊಡನೆ ಆಡಿದ ಮೊದಲ ಮಾತು ಅದೇ. ಅಜ್ಜಿಗೆ ಅಷ್ಟು ಸಾಕಾಗಿತ್ತು ಎಂದು ಅವರು ಒಳಗೆ ನಡೆದ ರೀತಿಯಲ್ಲೇ ಗೊತ್ತಾಯಿತು.

ಕಕ್ಕಸು? ನಾನು ಆ ಮಾತನ್ನೇ ಬಿಟ್ಟಿದ್ದೆ. ಅಜ್ಜಿಯೇ ಎತ್ತಿದರು. "ನನ್ ಜಗಲಿ ಒಡೀರಿ. ಅದ್ರ ಕೆಳಗೆ ನೋಡಿ," ಎಂದರು. ಬೀದಿ ಕಡೆಯ ಆ ಜಗಲಿಯ ಮೇಲೆ ಅವರು ದಿನವಿಡೀ ಕೂರುತ್ತಿದ್ದದ್ದು, ಹಿತ್ತಲಿಗೆ ಬೆನ್ನು ಹಾಕಿ. ಅಪ್ಪ ಮತ್ತೊಂದು ಶನಿವಾರ ಬಂದು ನಾಲ್ಕನೇ ಗುಂಡಿ ತೋಡಿದರು. ರಾತ್ರಿಯೆಲ್ಲ ನೆನೆದ ಮಣ್ಣಿನಲ್ಲಿ ಬೆಳಿಗ್ಗೆ ಅರ್ಧ ಗಂಟೆಗೆ ಎರಡಿಂಚು ನೀರು ಇಳಿಯಿತು. ಮುಂದಿನ ಅರ್ಧ ಗಂಟೆಗೂ ಎರಡೇ ಇಂಚು. "ಬಂಗಾರದಂಥ ಮಣ್ಣು," ಎಂದು ಅಪ್ಪ ಅಡಿಕೋಲು ಮಡಚಿದರು. ಬಾವಿಗೂ ಅದಕ್ಕೂ ನಡುವೆ ಇಡೀ ಮನೆ ಇತ್ತು.

ಮೂರು ತಿಂಗಳ ಮಗಳನ್ನು ಎತ್ತಿಕೊಂಡು ನಾನು ಕೆಂಗೇರಿಗೆ ವಾಪಸು ಬಂದಾಗ ಕಕ್ಕಸು ಸಿದ್ಧವಾಗಿತ್ತು. ಸುಣ್ಣದ ಗೋಡೆ, ಹಸಿರು ಬಾಗಿಲು, ಒಳಗೊಂದು ಕರೆಂಟಿನ ಬಲ್ಬು. ಆ ಸಂಜೆ ನಾನು ಬಕೆಟ್ಟು ಹಿಡಿದು ಹೊರಟರೆ, ಅಜ್ಜಿ ಹಣತೆ ಹಚ್ಚಿಕೊಂಡು ನನಗಿಂತ ಮುಂದೆ ಹೋದರು. ಬಾಗಿಲು ತೆರೆದು, ಬಗ್ಗಿ, ದೀಪವನ್ನು ನೆಲದ ಹತ್ತಿರ ಹಿಡಿದು ಕುಡಿಯನ್ನೇ ನೋಡಿದರು. ಮೇಲೆ ಬಲ್ಬು ಉರಿಯುತ್ತಲೇ ಇತ್ತು. ಕುಡಿ ಅಲುಗದೆ ನಿಂತದ್ದನ್ನು ನೋಡಿದ ಮೇಲೆ ಪಕ್ಕಕ್ಕೆ ಸರಿದು, "ಹೂಂ, ಹೋಗು ಮಗಾ," ಎಂದರು.

ಬದುಕಿರುವವರೆಗೂ ಪ್ರತಿ ಸಂಜೆ ಹೀಗೇ ಮಾಡಿದರು. ಕೊನೆಕೊನೆಗೆ ಬಗ್ಗಲು ಆಗುತ್ತಿರಲಿಲ್ಲ, ಗೋಡೆ ಹಿಡಿದು ಕೂತು, ಎಷ್ಟೋ ಹೊತ್ತು ನೋಡುತ್ತಿದ್ದರು. ನಾನು ಹೊರಗೆ ಬಕೆಟ್ಟು ಹಿಡಿದು, ಹೊಟ್ಟೆ ಹಿಡಿದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಂತಿರುತ್ತಿದ್ದೆ. ನನ್ನ ಸಿಟ್ಟು ಎಲ್ಲರಿಗೂ ಗೊತ್ತು. ಆದರೆ ಬೇಗ ಅಜ್ಜಿ ಎಂದು ಒಂದು ದಿನವೂ ಅನ್ನಲಿಲ್ಲ.